ದೀಪ ಆರಿಸಿದ ಮೇಲೆ

2 ಅರಸುಗಳು 20ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಪಂಚನಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ವಯಸ್ಸು 68, ತೆಂಗಿನ ತೋಟ. 2025ರ ಆರಂಭದಲ್ಲಿ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಅಂತ ಗೊತ್ತಾಗಿ ಸ್ಟೆಂಟ್ ಹಾಕಿದರು. ಚೆನ್ನಾಗೇ ಆಯ್ತು, ಸಭೆಯಲ್ಲಿ ನಿಂತು ಸಾಕ್ಷಿಯನ್ನೂ ಹೇಳಿದರು. ಒಂದು ರಾತ್ರಿ ಜಗಲಿ ಮೇಲೆ ಕೂತಿದ್ದಾಗ ನನ್ನ ಕೇಳಿದರು: "ಸತ್ರೆ ಕರ್ತನ ಹತ್ರ ಹೋಗ್ತೀನಿ ಅಂತ ನಂಗೆ ಗೊತ್ತು ಕಣೋ. ಮತ್ತೆ ದೀಪ ಆರಿಸಿದ ತಕ್ಷಣ ಕೈ ಯಾಕೆ ಎದೆ ಮೇಲೇ ಹೋಗುತ್ತೆ?"

ನಾನು ಏನಂದೆ ಗೊತ್ತಾ? "ಭಯ ಅಂದ್ರೆ ಅವಿಶ್ವಾಸ ದೊಡ್ಡಪ್ಪ, ಯೇಸುವಿನ ನಾಮದಲ್ಲಿ ಗದರಿಸಿ." ಒಂದು ವಚನ ಹೇಳಿದೆ, ಪ್ರಾರ್ಥನೆ ಮಾಡಿದೆ, ಬೆಳಿಗ್ಗೆ ಎದ್ದು ಬೆಂಗಳೂರಿಗೆ ಬಂದೆ. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ. ಭಯ ಹೋಯ್ತು, ಸ್ತೋತ್ರ ಅಂದ್ಕೊಂಡೆ. ಅದು ಹೋಗಿರಲಿಲ್ಲ. ನನಗೆ ಹೇಳೋದನ್ನ ಬಿಟ್ಟಿದ್ದರು, ಅಷ್ಟೇ.

ಮುಂದೆ ಆ ಜೂನ್-ಜುಲೈ ಬಂತು. ಹಾಸನ ಜಿಲ್ಲೆಯಲ್ಲಿ ಹೃದಯಾಘಾತ, ಮತ್ತೊಂದು ಸಾವು ಅಂತ ಟಿವಿಯಲ್ಲಿ ದಿನವಿಡೀ ಲೆಕ್ಕ. ಪಂಚನಹಳ್ಳಿ ಕಡೂರು ತಾಲ್ಲೂಕೇ ಆದರೂ ಹಾಸನ ಜಿಲ್ಲೆಯ ಗಡಿ ಅಲ್ಲಿಂದ ದೂರವಿಲ್ಲ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಾಗೋ ಮುಂಚೆ ಸಾಲು ನಿಂತರು. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಹಾಸನದಲ್ಲಿ ಸಾವುಗಳು ಅಸಹಜವಾಗಿ ಹೆಚ್ಚಿಲ್ಲ ಅಂತ ವರದಿ ಕೊಟ್ಟಿತು. ದೊಡ್ಡಪ್ಪ ಅದನ್ನೂ ಓದಿದರು. ಓದಿ, ಮತ್ತೆ ಬಿಪಿ ನೋಡಿಕೊಂಡರು.

ದೊಡ್ಡಮ್ಮ ಫೋನ್ ಮಾಡಿ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ತೆಂಗಿನಕಾಯಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳ ತುಂಬ ಬಿಪಿ, ನಾಡಿ. ಒಂದೇ ದಿನಕ್ಕೆ 14 ಸಲ! ಭಯ ಆದಾಗ ನಾಡಿ ಜೋರಾಗುತ್ತೆ, ಬಿಪಿ ಏರುತ್ತೆ. ಏರಿದ್ದು ನೋಡಿ ಇನ್ನೂ ಭಯ. ಮಿಷನ್ ತಂದುಕೊಟ್ಟ ಮಗ ಬೆಂಗಳೂರಿಂದ ದಿನಾ ಕೇಳ್ತಾನೆ, "ಅಪ್ಪಾ, ಇವತ್ತು ಎಷ್ಟು ಬಂತು?" ಇಲ್ಲಿ ಕೂತಿರೋ ಎಷ್ಟು ಜನ ಹಾಗೇ ಕೇಳ್ತೀರಿ, ಕೈ ಎತ್ತಬೇಡಿ. ಆ ಪ್ರಶ್ನೆಯಲ್ಲಿ ಪ್ರೀತಿ ಇದೆ, ನಿಮ್ಮ ಭಯವೂ ಇದೆ.

ಹಾಗಾದರೆ ಈ ಭಯ ಪಾಪವಾ? ಈಗ ಹಿಜ್ಕೀಯನ ಹತ್ರ ಬನ್ನಿ. ಸಾಯ್ತೀಯ ಅಂತ ಪ್ರವಾದಿಯ ಬಾಯಿಂದಲೇ ಕೇಳಿದ ಅರಸ ಗೋಡೆ ಕಡೆ ತಿರುಗಿ ಅತ್ತ. ದೇವರು ಗದರಿಸಲಿಲ್ಲ. ನಿನ್ನ ಕಣ್ಣೀರು ನೋಡಿದ್ದೀನಿ ಅಂತ ಹೇಳಿ ಕಳಿಸಿ, 15 ವರ್ಷ ಕೂಡಿಸಿದ. ಆ 15 ವರ್ಷದ ಬಗ್ಗೆ ನಾನೇ ಎಷ್ಟು ಸಲ ಪ್ರಸಂಗ ಮಾಡಿದ್ದೀನೋ! ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆ ಇಡಿಸಿದ ಯೆಶಾಯನ ಬಗ್ಗೆ ಒಂದು ಸಲವೂ ಇಲ್ಲ. ವಾಗ್ದಾನವೂ ಇತ್ತು, ಔಷಧಿಯೂ ಇತ್ತು. ವಿಶ್ವಾಸ ಇದೆ ಅಂತ ಮಾತ್ರೆ ಬಿಡಿಸೋರು ನಮ್ಮ ನಡುವೆ ಇದ್ದಾರೆ, ಅದಕ್ಕೇ ಹೇಳ್ತಿದ್ದೀನಿ. ಸ್ಟೆಂಟ್ ಹಾಕಿಸಿಕೊಂಡವರು ಡಾಕ್ಟರನ್ನ ಕೇಳದೆ ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಎದೆ ಒತ್ತಿ ಬೆವರು ಕಿತ್ತುಕೊಂಡು ಬಂದರೆ "ಬರೀ ಭಯ" ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ. ದಾರಿಯಲ್ಲಿ ಪ್ರಾರ್ಥನೆ ಮಾಡಿ.

8ನೇ ವಚನ ನೋಡಿ. ವಾಗ್ದಾನ ಸಿಕ್ಕ ಮೇಲೂ ಹಿಜ್ಕೀಯ ಗುರುತು ಕೇಳ್ತಾನೆ. ಅವನಿಗೂ ಒಂದು ಮಿಷನ್ ಬೇಕಿತ್ತು! ದೇವರು ಕೊಟ್ಟ, ನೆರಳು ಹತ್ತು ಮೆಟ್ಟಲು ಹಿಂದಕ್ಕೆ ಹೋಯ್ತು. ಆದರೆ ದಿನಾ ಹೋಗಿ ಆ ಮೆಟ್ಟಲು ಎಣಿಸಿದ ಅಂತ ಬರೆದಿಲ್ಲ. ಒಂದು ಸಲ ಕೇಳಿದ, ಉತ್ತರ ಸಿಕ್ತು. ನಮ್ಮ ದೊಡ್ಡಪ್ಪ ಮಿಷನ್ನನ್ನ ಕೇಳ್ತಿರೋದು "ನಾನು ಬದುಕ್ತೀನಾ" ಅಂತ. ಅದಕ್ಕೆ ಮಿಷನ್ನಲ್ಲಿ ಉತ್ತರ ಇಲ್ಲ. ಅದಕ್ಕೇ 14 ಸಲ.

ಅದನ್ನ ಅವರು ಮಿಷನ್ನನ್ನ ಯಾಕೆ ಕೇಳಿದರು? ಮೊದಲು ನನ್ನನ್ನೇ ಕೇಳಿದ್ದರಲ್ವಾ. ಗೆತ್ಸೇಮನೆಯಲ್ಲಿ ಕರ್ತನೇ ನಡುಗಿದ, ಮೂವರನ್ನ ಹತ್ತಿರ ಕರೆದು ಎಚ್ಚರವಾಗಿರಿ ಅಂದ. ಅವರು ಮಲಗಿಬಿಟ್ಟರು. ನಾನು ವಚನ ಹೇಳಿ ಮಲಗಿದೆ.

ಹೋದ ತಿಂಗಳು ಊರಿಗೆ ಹೋಗಿ ಕ್ಷಮೆ ಕೇಳಿದೆ. "ಬಿಡೋ, ನೀನಿನ್ನೂ ಹುಡುಗ" ಅಂದರು. ಅಷ್ಟರಲ್ಲಿ ಡಾಕ್ಟರು ಬಿಪಿ ದಿನಕ್ಕೆ ಎರಡೇ ಸಲ ನೋಡಿ ಅಂದಿದ್ದರು, ಮಿಷನ್ ದೊಡ್ಡಮ್ಮನ ಬೀರು ಸೇರಿತ್ತು. ರಾತ್ರಿ ಅವರ ಪಕ್ಕದಲ್ಲೇ ಚಾಪೆ ಹಾಕಿಕೊಂಡೆ. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ, "ನೋಡು, ಹೋಯ್ತು ಕೈ" ಅಂದರು. ಆ ಕೈ ಹಿಡ್ಕೊಂಡೆ. ಏನೂ ಹೇಳಲಿಲ್ಲ. ತೋಟದ ಬೋರ್‌ವೆಲ್ ವಿಷಯ ಮಾತಾಡ್ತಾ ಮಾತಾಡ್ತಾ ಅವರಿಗೆ ನಿದ್ದೆ ಬಂತು.

ಎದ್ದು ನಿಲ್ಲೋಣ. ಊರಲ್ಲಿ ನಿಮಗೋಸ್ಕರ ಭಯ ಬಚ್ಚಿಟ್ಟುಕೊಂಡಿರೋರ ಹೆಸರು ಮನಸ್ಸಿಗೆ ತಂದುಕೊಳ್ಳಿ. ಪ್ರಾರ್ಥಿಸೋಣ.