ಏನಿಲ್ಲ ಬಿಡಿ

‘ಆಪ್ತ ಸಮಾಲೋಚನೆ’ ಎಂಬ ಮಾತಿನಲ್ಲಿ ಆಪ್ತ ಮೊದಲು, ಆಲೋಚನೆ ಕೊನೆಗೆ. ನಾವು ಹಿಂದಿನಿಂದ ಮುಂದಕ್ಕೆ ಹೊರಡುತ್ತೇವೆ, ನಡುದಾರಿಯಲ್ಲೇ ಜಗಳ.

*

ಸಲಹೆ ಕೊಡುವವರು ಬೀದಿಗೆ ಹತ್ತು ಮಂದಿ. ಸಲಹುವವರು ಮನೆಗೊಬ್ಬರು ಸಿಕ್ಕರೆ ಪುಣ್ಯ.

*

ಬೆಳಗಿನ ಆರೂಕಾಲು, ಬೆಂಗಳೂರಿನ ಪಕ್ಕದ ಜಿಗಣಿಯ ಎಪಿಸಿ ಸರ್ಕಲ್. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗನೊಬ್ಬ ಟೀ ಅಂಗಡಿ ಮುಂದೆ ನಿಂತಿದ್ದ. ಲೋಟ ಕೈಯಲ್ಲಿದೆ, ಬಾಯಿಗೆ ಹೋಗುತ್ತಿಲ್ಲ. ಟೀ ಮೇಲೆ ಕೆನೆ ಕಟ್ಟಿದೆ. “ಯಾಕಪ್ಪಾ, ಹುಷಾರಿಲ್ವಾ?” ಅಂದರು ಅಂಗಡಿಯವರು. “ಏನಿಲ್ಲ ಬಿಡಣ್ಣ.” ಅವರು ಬಿಡಲಿಲ್ಲ, ಕೆದಕಲೂ ಇಲ್ಲ. ಆರಿದ ಟೀ ಚೆಲ್ಲಿ ಬಿಸಿಯದು ಬಗ್ಗಿಸಿ ಕೊಟ್ಟು, ಒಂದು ಸ್ಟೂಲ್ ಎಳೆದು ಪಕ್ಕಕ್ಕಿಟ್ಟರು. ನಾಲ್ಕೈದು ನಿಮಿಷವಾದ ಮೇಲೆ ಹುಡುಗ ತಾನಾಗಿಯೇ ಶುರುಮಾಡಿದ: “ಅಮ್ಮಂಗೆ ಫೋನ್ ಮಾಡಿ ಎಂಟು ದಿನ ಆಯ್ತಣ್ಣ…” ಅಂಗಡಿಯ ಗೋಡೆಯ ಮೇಲೆ ಯಾವ ಸರ್ಟಿಫಿಕೇಟೂ ಇರಲಿಲ್ಲ. ಸ್ಟೂಲ್ ಇತ್ತು.

*

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಲೇಖನವೊಂದರಲ್ಲಿ, ಮನುಷ್ಯ ಒಳಗಿನಿಂದ ಬದಲಾಗಲು ಎಂಥ ಸಂಬಂಧ ಬೇಕು ಎಂದು ಪಟ್ಟಿಮಾಡಿದರು. ಕೇಳುವವರಿಂದ ಅವರು ಬಯಸಿದ್ದು ಮೂರು. ಒಳಗೊಂದು ಹೊರಗೊಂದು ಇರಬಾರದು. ಎದುರಿಗಿರುವವರನ್ನು ಷರತ್ತಿಲ್ಲದೆ ಒಪ್ಪಬೇಕು. ಅವರ ಲೋಕವನ್ನು ಅವರ ಕಣ್ಣಿಂದ ನೋಡಬೇಕು. ಮಗ ಫೇಲಾಗಿ ಬಂದ ಸಂಜೆ ಈ ಮೂರರಲ್ಲಿ ಎಷ್ಟು ಉಳಿದವು ಎಂದು ಎಣಿಸಿಕೊಳ್ಳಿ.

*

ಷರತ್ತಿಲ್ಲದೆ ಒಪ್ಪಿದರೆ ಮಾಡಿದ್ದೆಲ್ಲ ಸರಿ ಅಂದಂತಾಗುವುದಿಲ್ಲ. ಕುಡಿತವನ್ನು ಒಪ್ಪದೆಯೂ ಕುಡಿದವನಿಗೆ ಚಾಪೆ ಹಾಸಬಹುದು.

*

ರೋಜರ್ಸ್ ತಮ್ಮ ಹುಡುಗತನದ ಮನೆಯ ನೆಲಮಾಳಿಗೆಯನ್ನು ನೆನೆಯುತ್ತಿದ್ದರು. ಚಳಿಗಾಲಕ್ಕೆಂದು ಕೂಡಿಟ್ಟ ಆಲೂಗಡ್ಡೆ ಅಲ್ಲಿ ಮೊಳೆಯುತ್ತಿತ್ತು. ಮಣ್ಣಿಲ್ಲ, ನೀರಿಲ್ಲ, ಬಿಳಿಚಿಕೊಂಡ ಎಳೆ ಮೊಳಕೆಗಳು ದೂರದ ಸಣ್ಣ ಕಿಟಕಿಯ ಬೆಳಕಿನತ್ತ ಎರಡು ಮೂರು ಅಡಿ ಚಾಚಿಕೊಂಡಿದ್ದವು. ನಮ್ಮ ಅಡುಗೆಮನೆಯ ಮೂಲೆಯ ಚೀಲದಲ್ಲೂ ಇದೇ ನಡೆಯುತ್ತದೆ. ನಾವು ಮೊಳಕೆ ಮುರಿದು ಪಲ್ಯಕ್ಕೆ ಹೆಚ್ಚುತ್ತೇವೆ. ಅವರು ಅದರಲ್ಲಿ ಮನುಷ್ಯನನ್ನು ಕಂಡರು: ಸೊಟ್ಟಗೆ ಬೆಳೆದವನೂ ಬೆಳಕಿನ ಕಡೆಗೇ ಬೆಳೆದಿರುತ್ತಾನೆ.

*

ಸೊಟ್ಟ ಯಾಕಾದೆ ಎಂದು ಕೇಳುವ ಮೊದಲು, ಕಿಟಕಿ ಎಲ್ಲಿತ್ತು ಎಂದು ಕೇಳಿ.

*

ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಪಾಲಿಶ್ ನೋಡಿದ್ದೇನೆ. ಒರಟು ಕಲ್ಲಿನಿಂದ ಶುರುಮಾಡಿ, ಹಂತಹಂತವಾಗಿ ನುಣುಪು ಕಲ್ಲಿಗೆ ಬರುತ್ತಾರೆ. ಉದ್ದಕ್ಕೂ ನೀರು ಸುರಿಯುತ್ತಲೇ ಇರಬೇಕು. ಮೊದಲು ಬರೀ ಬೂದು ಕೆಸರು. ಕೊನೆಯಲ್ಲಿ ನೀರು ಒರೆಸಿದಾಗ ಕಪ್ಪಿನಲ್ಲಿ ಚುಕ್ಕಿ ಮಿನುಗುತ್ತದೆ. ಯಾರೂ ಬಣ್ಣ ಬಳಿದಿಲ್ಲ, ಅದು ಕಲ್ಲಿನೊಳಗೇ ಇತ್ತು. ಆದರೆ ಕಲ್ಲಿನ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಎಷ್ಟು ಉಜ್ಜಬೇಕೆಂದು ಕಲ್ಲು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ. ಕೇಳಿಸಿಕೊಳ್ಳಬೇಕು.

*

ಜಿಗಣಿಗೂ ಜಿಗಣೆಗೂ ಒಂದೇ ಸ್ವರದ ಅಂತರ. ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತರೆ ಗಾಯ. ಉಪ್ಪು ಸೋಕಿಸಿದರೆ ತಾನೇ ಕಳಚಿಕೊಳ್ಳುತ್ತದೆ. ಅಳುವವರಿಗೆ “ಅಳಬೇಡ” ಅನ್ನುವ ಮುಂಚೆ ನೆನಪಿರಲಿ, ಕಣ್ಣೀರಿನಲ್ಲೂ ಉಪ್ಪಿದೆ.

*

ನಮ್ಮ ಕಡೆ ಯಾರೂ “ನನಗೆ ಖಿನ್ನತೆ” ಅನ್ನುವುದಿಲ್ಲ. “ಎದೆ ಭಾರ”, “ಕೈಕಾಲು ಸೋತು ಹೋಗಿದೆ”, “ಯಾಕೋ ಯಾವುದೂ ಬೇಡ”. ಪುಸ್ತಕದ ಪದ ಬರಲಿ ಎಂದು ಕಾಯುವವರಿಗೆ ಈ ಮಾತುಗಳು ಕೇಳಿಸುವುದೇ ಇಲ್ಲ.

*

ಬನ್ನೇರುಘಟ್ಟದ ಹತ್ತಿರ ಸಕಲವಾರ ಎಂಬ ಊರಿದೆ. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಅಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ದೊಡ್ಡ ಡಾಕ್ಟರು ಊರೂರಿಗೆ ಬರಲಾರರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರೆ ಆಯಿತಲ್ಲ ಎಂಬ ಯೋಚನೆ ಅಲ್ಲಿ ಕಾಲೂರಿತು. ಅದೇ ದಾರಿ 1985ರಲ್ಲಿ ಬಳ್ಳಾರಿ ಜಿಲ್ಲೆಗೆ ಹೋಯಿತು, ಬಳ್ಳಾರಿಯ ಮಾದರಿ ದೇಶಕ್ಕೆ ಹಬ್ಬಿತು. ಬೇರು ನಮ್ಮ ಆನೇಕಲ್ ತಾಲ್ಲೂಕಿನ ಮಣ್ಣಿನಲ್ಲೇ ಇದೆ. ನಾವು ಮಾತ್ರ ಇಂದಿಗೂ ಅಂಥ ಕೇಂದ್ರದ ಗೇಟಿನ ಮುಂದೆ ಬಸ್ಸಿಳಿಯಲು ಅಕ್ಕಪಕ್ಕ ನೋಡುತ್ತೇವೆ.

*

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮನಸ್ಸಿನ ಕಾಯಿಲೆಗೆ ನುಂಗಿದರೆ ಮರ್ಯಾದೆ ಹೋಗುವುದಿಲ್ಲ. ಮಾತು ಬೇಕಾದಲ್ಲಿ ಮಾತು, ಮಾತ್ರೆ ಬೇಕಾದಲ್ಲಿ ಮಾತ್ರೆ. ಎರಡನ್ನೂ ಜಗಳಕ್ಕೆ ಹಚ್ಚುವವರು ಕಾಯಿಲೆಯ ಕಡೆಯವರು.

*

ಜಿಗಣಿ ಪಕ್ಕದ ಪ್ರಶಾಂತಿ ಕುಟೀರದಲ್ಲಿ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವಿದೆ. ಅಲ್ಲಿಯ ಯೋಗ ಚಿಕಿತ್ಸೆಗೆ ತೈತ್ತಿರೀಯ ಉಪನಿಷತ್ತಿನ ಪಂಚಕೋಶವೇ ತಳಹದಿ: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಮನುಷ್ಯನನ್ನು ಇಡಿಯಾಗಿ ನೋಡುವುದೆಂದರೆ ಇದೇ. ಪಟ್ಟಿ ಅನ್ನದಿಂದ ಶುರುವಾಗುವುದನ್ನು ಗಮನಿಸಿ. ಊಟ ಆಯ್ತಾ ಎಂದು ಕೇಳದೆ ಆನಂದದ ಪಾಠ ಹೇಳಬಾರದು.

*

ಮನುಷ್ಯನ ಅಗತ್ಯಗಳಲ್ಲಿ ಕೆಳಗಿನದು ತೀರಿದ ಮೇಲೆ ಮೇಲಿನದು ತಲೆಯೆತ್ತುತ್ತದೆ ಎಂದು ಮನಶ್ಶಾಸ್ತ್ರಜ್ಞ ಏಬ್ರಹಾಂ ಮ್ಯಾಸ್ಲೋ 1943ರಲ್ಲಿ ಬರೆದರು. ಸರಿಯೇ. ಆದರೆ ನಾಲ್ವರು ಮಲಗುವ ಬಾಡಿಗೆ ರೂಮಿನಲ್ಲಿದ್ದುಕೊಂಡು, ಒಂದು ಹೊತ್ತಿನ ಊಟ ಬಿಟ್ಟು, ತಂಗಿಯ ಕಾಲೇಜ್ ಫೀಸು ಕಳಿಸುವವನು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೆ? ಏಣಿ ಪುಸ್ತಕದಲ್ಲಿರುತ್ತದೆ. ಮನುಷ್ಯ ಕೆಲವೊಮ್ಮೆ ಏಣಿಯಿಲ್ಲದೆ ಹತ್ತಿಬಿಡುತ್ತಾನೆ.

*

ವಾರಕ್ಕೊಮ್ಮೆ ಶಿಫ್ಟ್ ಬದಲಿಸಿ, ರಜೆ ಕೇಳಿದರೆ ಮುಖ ಗಂಟಿಕ್ಕಿ, ತಿಂಗಳಿಗೊಮ್ಮೆ ಒತ್ತಡ ನಿವಾರಣೆಯ ಉಪನ್ಯಾಸ ಏರ್ಪಡಿಸುವುದು ಗಾಯ ಮಾಡಿ ವಿಭೂತಿ ಹಚ್ಚಿದ ಹಾಗೆ. ನಿದ್ದೆ, ಕೂಲಿ, ರಜೆ, ಶೌಚಾಲಯ, ಮನೆಗೆ ಹೋಗಲು ಬಸ್ಸು: ಇವೂ ಮನಸ್ಸಿನ ಅಂಗಾಂಗಗಳೇ.

*

“ನಿನಗಿಂತ ಕಷ್ಟದಲ್ಲಿರುವವರನ್ನು ನೋಡು” ಅನ್ನುತ್ತೇವೆ. ಹಲ್ಲುನೋವಿನವನಿಗೆ ಕಾಲು ಮುರಿದವನನ್ನು ತೋರಿಸಿದರೆ ಇಬ್ಬರು ನೋವಿನವರಾದರು, ಅಷ್ಟೆ.

*

ರೋಜರ್ಸ್ ತಮ್ಮ ಬಳಿ ಬಂದವರನ್ನು ‘ರೋಗಿ’ ಅನ್ನದೆ ‘ಕ್ಲೈಂಟ್’ ಅಂದರು; 1951ರ ಅವರ ಪುಸ್ತಕದ ಹೆಸರಿನಲ್ಲೇ ಆ ಪದವಿದೆ. ಕನ್ನಡಕ್ಕೆ ತಂದರೆ ‘ಕಕ್ಷಿದಾರ’, ಕೋರ್ಟಿನ ವಾಸನೆ. ನಮ್ಮಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ದೊಡ್ಡ ಪದವೊಂದಿದೆ: ‘ಬಂದವರು’. ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ವಿಷಯ ಕೇಳುತ್ತೇವೆ.

*

ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, ವೃತ್ತಿಯಲ್ಲಿ ವೈದ್ಯರು. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ ಕನ್ನಡಿಗರನ್ನು ನಗಿಸಿದರು. ಮನಸ್ಸನ್ನೇ ಕುರಿತು ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಳುವವರ ಎದುರು ಜೋಕು ಹೇಳಬಾರದು. ಅತ್ತು ಮುಗಿದ ಮೇಲೆ ಅವರೇ ನಕ್ಕರೆ, ಜೊತೆಗೆ ನಗುವಷ್ಟು ಹಗುರ ನಮ್ಮಲ್ಲಿರಬೇಕು.

*

ಒಳ್ಳೆಯ ಸಮಾಲೋಚಕರ ಗುರುತು: ಅವರ ಕೋಣೆಯಿಂದ ಹೊರಬಂದವರು “ಅವರು ಎಷ್ಟು ಚೆನ್ನಾಗಿ ಮಾತಾಡಿದರು” ಅನ್ನುವುದಿಲ್ಲ. “ನಾನು ಇಷ್ಟೆಲ್ಲ ಮಾತಾಡಿದೆನಾ!” ಅನ್ನುತ್ತಾರೆ.

*

ಬೇರೆಯವರ ಭಾರವನ್ನು ಹಗಲೆಲ್ಲ ಕೇಳಿದವರು ರಾತ್ರಿ ತಮ್ಮದನ್ನು ಎಲ್ಲಿ ಇಳಿಸುತ್ತಾರೆ? ಕೇಳುವ ಕಿವಿಗೂ ಒಂದು ಕಿವಿ ಬೇಕು.

*

ನಡುರಾತ್ರಿ ಕೇಳುವವರು ಯಾರೂ ಇಲ್ಲ ಅನ್ನಿಸಿದರೆ ಒಂದು ನಂಬರ್ ಇದೆ: 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

*

ಹಗಲು ಹೊತ್ತಿನಲ್ಲಿ ನಾವಿದ್ದೇವೆ. ಇವತ್ತು ಯಾರಾದರೂ ನಿಮ್ಮೆದುರು “ಏನಿಲ್ಲ ಬಿಡಿ” ಅಂದರೆ, ಬಿಡಬೇಡಿ. ಒಂದು ಸ್ಟೂಲ್ ಎಳೆದು ಹಾಕಿ, ಸುಮ್ಮನೆ ಕೂತುಕೊಳ್ಳಿ.