ಬಾಡಿಗೆಯ ಮನೆ ಮತ್ತು ಗೃಹಸ್ಥನ ಅಹಿಂಸೆ

ಚಾತುರ್ಮಾಸ್ಯದಲ್ಲಿ ಯತಿಗಳು ಒಂದೆಡೆ ನಿಲ್ಲುವುದೇಕೆಂದು ವಿವರಿಸುವ ಪ್ರವಚನಕಾರರು, ಮಳೆಗಾಲದಲ್ಲಿ ನೆಲದ ಮೇಲೆ ಸೂಕ್ಷ್ಮಜೀವಿಗಳು ಹೇರಳವಾಗಿರುವುದರಿಂದ ಸಂಚಾರದಲ್ಲಿ ಅವು ಕಾಲಿಗೆ ಸಿಕ್ಕಿ ಸಾಯಬಾರದೆಂಬ ಕಾರಣವನ್ನು ಹೇಳುವುದುಂಟು. ಅದನ್ನು ಕೇಳಿ ಮನೆಗೆ ಮರಳಿದ ಗೃಹಸ್ಥನು ಹಾಸಿಗೆಯ ಹೊಲಿಗೆಯಲ್ಲಿ ತಿಗಣೆಗಳನ್ನೂ ಅಡಿಗೆಮನೆಯ ಮೂಲೆಯಲ್ಲಿ ಜಿರಲೆಗಳನ್ನೂ ಕಾಣುತ್ತಾನೆ. ಆತನು ಮಾಡತಕ್ಕದ್ದೇನು? ಸ್ವಂತ ಮನೆಯಾದರೆ ಪ್ರಶ್ನೆ ಒಂದೇ. ಬಾಡಿಗೆಯ ಮನೆಯಾದರೆ ಎರಡು. ಕೊಲ್ಲಬಹುದೇ ಎಂಬುದು ಮೊದಲನೆಯದು. ಆ ಹೊಣೆಯು ಮನೆಯೊಡೆಯನದೋ ಬಾಡಿಗೆದಾರನದೋ ಎಂಬುದು ಎರಡನೆಯದು.

ನಮ್ಮ ಸಿದ್ಧಾಂತದವರು ಮೊದಲನೆಯ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಜೀವರು ಅನಂತರು, ಪರಸ್ಪರ ಭಿನ್ನರು. ಪ್ರತಿಯೊಬ್ಬರೊಳಗೂ ಬಿಂಬರೂಪಿಯಾದ ಶ್ರೀಹರಿಯಿದ್ದಾನೆ. ತಾರತಮ್ಯವುಂಟೆಂದ ಮಾತ್ರಕ್ಕೆ ಕೆಳಗಿನ ಜೀವನು ತೃಣಸಮಾನನೆಂದು ಅರ್ಥವಲ್ಲ. ಯಜ್ಞದಲ್ಲಿ ಸಹ ಹಿಟ್ಟಿನ ಪಶುವನ್ನು ಬಳಸುವ ಸಂಪ್ರದಾಯ ನಮ್ಮದು. ಆದರೆ ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳುಂಟೆಂದು ಶಾಸ್ತ್ರವೇ ಒಪ್ಪಿಕೊಂಡಿದೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಈ ಪಂಚಸೂನಾದೋಷಕ್ಕೆ ಪರಿಹಾರವಾಗಿ ಪಂಚಮಹಾಯಜ್ಞಗಳನ್ನು ವಿಧಿಸಿತೇ ಹೊರತು ಒಲೆಯನ್ನು ಆರಿಸಿಬಿಡೆಂದು ಹೇಳಲಿಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಹೇಳಿದ ಬಲಿಯಲ್ಲಿ ಕಾಗೆಗಳಿಗೂ ಕ್ರಿಮಿಗಳಿಗೂ ಪಾಲುಂಟು. ಯತಿಗೆ ಒಲೆಯಿಲ್ಲ, ಆದುದರಿಂದ ಆತನ ವ್ರತವನ್ನು ಗೃಹಸ್ಥನು ಹಾಗೆಯೇ ತನ್ನ ಮೇಲೆ ಹೊರಿಸಿಕೊಳ್ಳಲಾಗದು.

ಮಹಾಭಾರತದ ಎರಡು ಕಥೆಗಳು ಇಲ್ಲಿ ದಾರಿ ತೋರುತ್ತವೆ. ವನಪರ್ವದ ಧರ್ಮವ್ಯಾಧನು ಕೌಶಿಕನಿಗೆ ಹೇಳುವುದೇನೆಂದರೆ, ನೇಗಿಲು ಹೂಡಿದವನೂ ನಡೆದಾಡಿದವನೂ ಜೀವಿಗಳನ್ನು ಕೊಲ್ಲುತ್ತಾನೆ. ಸಂಪೂರ್ಣವಾಗಿ ಹಿಂಸೆಯಿಲ್ಲದವನು ಲೋಕದಲ್ಲಿಲ್ಲ. ಯತ್ನದಿಂದ ಅದನ್ನು ಕಡಿಮೆ ಮಾಡಿಕೊಳ್ಳಬಹುದು. ಆದಿಪರ್ವದ ಮಾಂಡವ್ಯನಾದರೋ ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ ಫಲವಾಗಿ ಶೂಲವೇರಿದನು. ಆ ಶಿಕ್ಷೆ ಅತಿಯಾಯಿತೆಂದು ಆತನು ಯಮನನ್ನೇ ಶಪಿಸಿ ವಿದುರನಾಗಿ ಹುಟ್ಟಿಸಿದನೆಂಬುದು ಬೇರೆ ಮಾತು. ನಮಗೆ ಬೇಕಾದುದು ಇಷ್ಟು: ನೇಗಿಲಿನ ಕೆಳಗಿನ ಸಾವೂ ಹುಲ್ಲುಕಡ್ಡಿಯ ತುದಿಯ ಸಾವೂ ಒಂದೇ ಅಲ್ಲ.

ಇಲಿಯ ವಿಷಯವನ್ನೇ ನೋಡೋಣ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳುಂಟು, ಅಕ್ಕಿಯ ದಾಸ್ತಾನುಗಳುಂಟು. ಊರಿನ ಸುತ್ತ ಭದ್ರಾ ನಾಲೆಯ ಗದ್ದೆಗಳಿವೆ. ಕಾಳಿದ್ದಲ್ಲಿ ಇಲಿ ಬರುವುದು ಸಹಜ. ೧೮೯೮ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನು ಮುಟ್ಟಿತು. ಆ ದಾರಿ ಹರಿಹರ, ದಾವಣಗೆರೆಗಳ ಮೇಲೆಯೇ ಹೋಗುತ್ತದೆ. ಇಲಿಯ ಮೈಮೇಲಿನ ಚಿಗಟದಿಂದ ಆ ರೋಗ ಹರಡುವುದನ್ನು ಅದೇ ವರ್ಷ ಫ್ರೆಂಚ್ ವೈದ್ಯ ಸಿಮೋನ್ ತೋರಿಸಿಕೊಟ್ಟನು. ಈಗಲೂ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ತೊಟ್ಟಿಲಿನಲ್ಲಿ ಮಗುವಿರುವ ಮನೆಯಲ್ಲಿ ಇಲಿಯನ್ನು ಸುಮ್ಮನೆ ಬಿಡುವುದು ದಯೆಯೆಂದು ನನಗೆ ತೋರುವುದಿಲ್ಲ. ಹಾಗೆಂದು ಅಂಟಿನ ಹಾಳೆಯ ಮೇಲೆ ಅದು ದಿನವಿಡೀ ಒದ್ದಾಡಿ ಸಾಯುವುದು ಮಾಂಡವ್ಯನ ಹುಲ್ಲುಕಡ್ಡಿಯೇ ಸರಿ. ಪಾಷಾಣವಿಟ್ಟರೆ ಅದನ್ನು ತಿಂದ ಇಲಿಯನ್ನು ತಿಂದು ಬೆಕ್ಕೂ ಗೂಬೆಯೂ ಸಾಯಬಹುದು. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಅನಿಲವು ಮಲಗಿದ ಮನುಷ್ಯರನ್ನೇ ಕೊಲ್ಲಬಲ್ಲುದು. ವಾಸದ ಮನೆಯಲ್ಲಿ ಅದು ಸಲ್ಲದು. ಇನ್ನು ಬೋನಿಗೆ ಬಿದ್ದ ಇಲಿಯನ್ನು ಕತ್ತಲಾದ ಮೇಲೆ ಪಕ್ಕದ ಓಣಿಯಲ್ಲಿ ಬಿಟ್ಟುಬರುವ ಧರ್ಮಾತ್ಮರಿದ್ದಾರೆ. ಕೊಲ್ಲುವ ಕೆಲಸವನ್ನು ನೆರೆಯವನಿಗೆ ದಾಟಿಸಿ ತಾನು ಅಹಿಂಸಕನೆನಿಸಿಕೊಳ್ಳುವ ಈ ಉಪಾಯಕ್ಕೆ ಯಾವ ಸ್ಮೃತಿಯ ಆಧಾರವಿದೆಯೋ!

ಕೊಲ್ಲುವ ಪ್ರಸಂಗವನ್ನೇ ತಪ್ಪಿಸುವುದು ಉತ್ತಮ ಪಕ್ಷ. ರಾತ್ರಿ ಮುಸುರೆಯ ಪಾತ್ರೆಗಳನ್ನು ಬಿಡದೆ ತೊಳೆದಿಡಬೇಕೆಂಬ ಹಿರಿಯರ ಕಟ್ಟುಪಾಡನ್ನು ಬರಿಯ ಮಡಿಯೆಂದು ನಗುವವರು, ಎಂಜಲಿಲ್ಲದ ಮನೆಯಲ್ಲಿ ಜಿರಲೆ ಹೆಚ್ಚುವುದಿಲ್ಲವೆಂಬುದನ್ನು ಗಮನಿಸಬೇಕು. ಹೆಚ್ಚದ ಜಿರಲೆಯನ್ನು ಕೊಲ್ಲಬೇಕಾಗಿಲ್ಲ. ತಿಗಣೆ ಬಂದ ಮೇಲೆ ಅರೆಮನಸ್ಸಿನ ದಯೆ ಇನ್ನಷ್ಟು ಹಿಂಸೆಗೆ ಕಾರಣವಾಗುತ್ತದೆ. ಅದರ ಮೊಟ್ಟೆಗಳು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಒಡೆಯುವುವು. ಒಮ್ಮೆ ಕುದಿನೀರು ಹೊಯ್ದು ಕೈತೊಳೆದುಕೊಂಡವನು ಪ್ರತಿ ತಿಂಗಳೂ ಕೊಲ್ಲುತ್ತಿರಬೇಕಾಗುತ್ತದೆ. ಬಿಡದೆ ಮತ್ತೆ ಮತ್ತೆ ಮಾಡಿ ಮುಗಿಸಿದವನಿಂದಲೇ ಸಾಯುವ ಜೀವಿಗಳು ಕಡಿಮೆ.

ಎರಡನೆಯ ಪ್ರಶ್ನೆಗೆ ಬರೋಣ. ಹರಿಹರದಲ್ಲಿ ೧೨೨೪ರ ಸುಮಾರಿಗೆ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರನ ಶಿಲಾಮಂದಿರಕ್ಕೆ ಗೆದ್ದಲಿನ ಭಯವಿಲ್ಲ. ಊರಿನ ಮರದ ತೊಲೆಗಳ ಹಳೆಯ ಮನೆಗಳಿಗೆ ಉಂಟು. ಬಾಡಿಗೆಗೆ ಬಂದವನ ಗೋತ್ರ, ಮಠ, ಆಹಾರಗಳನ್ನೆಲ್ಲ ವಿಚಾರಿಸುವ ಮನೆಯೊಡೆಯನು, ಬಾಗಿಲಿನ ಚೌಕಟ್ಟಿನೊಳಗೆ ಗೆದ್ದಲಿರುವುದನ್ನು ಮಾತ್ರ ಬಣ್ಣ ಬಳಿದು ಮುಚ್ಚುವುದುಂಟು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೧೦೮ನೆಯ ಕಲಮು, ಬೇರೆ ಕರಾರಿಲ್ಲದಿದ್ದರೆ, ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ತಿಳಿದಿರುವ ಒಡೆಯನು ಹೇಳಲೇಬೇಕೆನ್ನುತ್ತದೆ. ಪಡೆದ ಮನೆಯನ್ನು, ಸಹಜ ಸವೆತವನ್ನುಳಿದು, ಪಡೆದ ಸ್ಥಿತಿಯಲ್ಲೇ ಇಟ್ಟು ಒಪ್ಪಿಸಬೇಕೆಂದು ಬಾಡಿಗೆದಾರನಿಗೂ ಹೇಳುತ್ತದೆ. ಗೋಡೆಯ ಬಿರುಕು, ಬಚ್ಚಲಿನ ಕಿಂಡಿ, ಗೆದ್ದಲು ಇವು ಒಡೆಯನವು. ಮುಸುರೆ, ಹಾಸಿಗೆ, ತಾನು ತಂದ ಮಂಚದ ತಿಗಣೆ ಇವು ಬಾಡಿಗೆದಾರನವು. ನ್ಯಾಯಾಲಯವಿಲ್ಲದೆಯೂ ಇಷ್ಟು ತಿಳಿಯುತ್ತದೆ.

ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ ತಿಗಣೆ. ಮನೆ ಖಾಲಿ ಮಾಡುವಾಗ ಅದರ ಮಾತೆತ್ತದೆ ಮುಂಗಡವನ್ನು ಎಣಿಸಿಕೊಂಡು ಹೊರಟರೆ ಮುಂದೆ ಬರುವ ಸಂಸಾರದ ರಾತ್ರಿಗಳನ್ನು ನಾವೇ ಕೆಡಿಸಿದಂತಾಯಿತು. ಅಂತಹ ಹಳೆಯ ಹಾಸಿಗೆಯನ್ನು ಮನೆಗೆಲಸದವಳಿಗೆ ಕೊಟ್ಟು ಅದನ್ನು ದಾನವೆಂದು ಕರೆಯುವವರೂ ಇದ್ದಾರೆ. ಕೊಡುವುದಾದರೆ ಹತ್ತಿಯನ್ನು ಬಿಚ್ಚಿ, ಬಟ್ಟೆಯನ್ನು ಕುದಿಸಿ, ಹೊಸದಾಗಿ ಹೊಲಿಸಿ ಕೊಡಲಿ. ಆಗದಿದ್ದರೆ ಊರ ಹೊರಗೆ ಒಯ್ದು ಸುಡಲಿ.