ಹಳೆಯ ಕಾರು, ಮರಳಿ ಬಂದ ಮನುಷ್ಯ

ಒಂದು ವಸ್ತುವಿನ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ವಸ್ತುವೋ, ಹೊಸತೋ? ಥೀಸಿಯಸ್ ಎಂಬ ವೀರನ ಹಡಗಿನ ಹಲಗೆಗಳು ಕೊಳೆತಂತೆಲ್ಲ ಅಥೆನ್ಸಿನ ಜನರು ಹೊಸ ಹಲಗೆಗಳನ್ನು ಕೂಡಿಸುತ್ತ ಬಂದರು. ಅದು ಅದೇ ಹಡಗು ಹೌದೋ ಅಲ್ಲವೋ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದರೆಂದು ಪ್ಲುಟಾರ್ಕನು ಬರೆದಿದ್ದಾನೆ. ದೇವದುರ್ಗ, ಮಾನ್ವಿಯ ರೈತನಿಗೆ ಹಡಗು ದೂರದ ಮಾತು. ಆದರೆ ತಾತನ ಕೂರಿಗೆಯ ಒಂದು ಭಾಗವನ್ನು ತಂದೆ, ಇನ್ನೊಂದು ಭಾಗವನ್ನು ಮಗ ಬದಲಾಯಿಸಿದ ಮೇಲೂ ಅದನ್ನು ತಾತನ ಕೂರಿಗೆಯೆಂದೇ ಕರೆಯುವ ಮನೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಇದೇ ಪ್ರಶ್ನೆ ಕೋಟ್ಯಂತರ ರೂಪಾಯಿಗಳ ಬೆಲೆಯೊಡನೆ ಎದುರಾಗುವ ಲೋಕವೊಂದಿದೆ. ಅದು ಪುನಃಸ್ಥಾಪಿಸಿದ ಹಳೆಯ ಕಾರುಗಳ ಲೋಕ.

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು. ಆದರೆ ಸಾಲದಲ್ಲಿ ಮುಳುಗಿತ್ತು. ಉಕ್ಕಿನ ಕೊರತೆಯಿದ್ದುದರಿಂದ ವಿದೇಶಕ್ಕೆ ಸರಕು ಮಾರುವ ಕಾರ್ಖಾನೆಗಳಿಗೇ ಅದರ ಹಂಚಿಕೆಯಲ್ಲಿ ಆದ್ಯತೆ ದೊರೆಯುತ್ತಿತ್ತು. ಆ ಬಡತನದ ನಡುವೆಯೇ ಚೆಲುವಾದ ಸ್ಪೋರ್ಟ್ಸ್ ಕಾರುಗಳು ಹುಟ್ಟಿದವು. 1948ರ ಲಂಡನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ಎಕ್ಸ್‌ಕೆ 120 ಅಂಥದು. ಅದರ ಮೊದಲ ಕಾರುಗಳ ಬಾಡಿಯನ್ನು ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ ಮಾಡಲಾಗಿತ್ತು. ನಮ್ಮ ಊರುಗಳ ಬೀದಿಗಳಲ್ಲಿ ಇಂಥ ಕಾರು ಓಡಾಡುವುದಿಲ್ಲ. ಆದರೂ ಯುದ್ಧೋತ್ತರ ಬ್ರಿಟನ್ನಿನ ಇನ್ನೊಂದು ಕೂಸನ್ನು ನಾವೆಲ್ಲರೂ ಬಲ್ಲೆವು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯಿಂದ ರೂಪುಗೊಂಡು 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಅದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯಕ್ಕೋ ಮಕ್ಕಳನ್ನು ಕರೆದೊಯ್ದವರು ಹಳೆಯ ಕಾರುಗಳ ಹೊಳಪನ್ನು ಕಂಡಿರುತ್ತಾರೆ. ಆ ಹೊಳಪಿನ ಕೆಳಗೆ ಉಳಿದಿರುವುದೇನು? ಈ ಪ್ರಶ್ನೆಗೆ ಲೋಕವು ಮೂರು ಉತ್ತರಗಳನ್ನು ಕೊಟ್ಟಿದೆ.

ಮೊದಲನೆಯದು ಕಾರ್ಖಾನೆಯ ಉತ್ತರ. ಜಾಗ್ವಾರ್ ಕಂಪನಿಯು ಮಾರಾಟವಾಗದೆ ಉಳಿದ ತನ್ನ ರೇಸ್ ಕಾರುಗಳನ್ನು ರಸ್ತೆಯ ಬಳಕೆಗೆ ಒಗ್ಗುವಂತೆ ಬದಲಿಸಿ ಎಕ್ಸ್‌ಕೆಎಸ್‌ಎಸ್ ಎಂಬ ಹೆಸರಿನಲ್ಲಿ 25 ಕಾರುಗಳನ್ನು ಸಿದ್ಧಪಡಿಸಲು ಹೊರಟಿತ್ತು. 1957ರ ಫೆಬ್ರುವರಿ 12ರಂದು ಕವೆಂಟ್ರಿಯ ಕಾರ್ಖಾನೆಗೆ ಬೆಂಕಿ ಬಿದ್ದು ಅವುಗಳಲ್ಲಿ 9 ಸುಟ್ಟುಹೋದವು. 16 ಮಾತ್ರ ಉಳಿದವು. ಸುಮಾರು ಆರು ದಶಕಗಳ ತರುವಾಯ, 2016ರಲ್ಲಿ, ಕಂಪನಿಯು ಕಳೆದುಹೋದ ಆ 9 ಕಾರುಗಳನ್ನು ಮತ್ತೆ ಕಟ್ಟುವುದಾಗಿ ಸಾರಿತು. ಒಂದೊಂದಕ್ಕೂ ಸುಮಾರು 10,000 ಗಂಟೆಗಳ ದುಡಿಮೆ ಬೇಕೆಂದು ಅಂದಾಜಿಸಿತು. ವಿನ್ಯಾಸವೂ ಹೆಸರೂ ಹಳೆಯವೇ. ಆದರೆ ಬೆಂಕಿಯಲ್ಲಿ ಬೆಂದ ಲೋಹ ಮಾತ್ರ ಮರಳಿ ಬರಲಿಲ್ಲ.

ಎರಡನೆಯದು ನ್ಯಾಯಾಲಯದ ಉತ್ತರ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಕೊಳ್ಳಲು ಒಪ್ಪಿದವರು, ಇದರಲ್ಲಿ ಮೂಲದ ಭಾಗಗಳು ಹೆಚ್ಚೇನೂ ಉಳಿದಿಲ್ಲ, ಆದ್ದರಿಂದ ಇದು ಆ ಕಾರೇ ಅಲ್ಲ ಎಂದು ಹಣ ಕೊಡಲು ನಿರಾಕರಿಸಿದರು. 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಮಾರಿದವರ ಪರವಾಗಿ ತೀರ್ಪಿತ್ತಿತು. ಭಾಗಗಳು ಬದಲಾಗಿರಬಹುದು, ಆದರೆ ಈ ಕಾರಿನ ಚರಿತ್ರೆ ನಡುವೆ ಎಲ್ಲಿಯೂ ಕಡಿದುಹೋಗಿಲ್ಲ, ಆದ್ದರಿಂದ ಇದು ಅದೇ ಕಾರು ಎಂಬುದು ಆ ತೀರ್ಪಿನ ಸಾರ.

ಮೂರನೆಯದು ನಮ್ಮ ದೇಶದ ಉತ್ತರ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನವು ಮೂಲರೂಪದಲ್ಲಿದ್ದು, ಅದರ ಚಾಸಿ, ಬಾಡಿ, ಎಂಜಿನ್ನುಗಳು ಮಾರ್ಪಾಡಾಗದಿದ್ದರೆ ಮಾತ್ರ ವಿಂಟೇಜ್ ಎನಿಸಿಕೊಳ್ಳುತ್ತದೆ. ಅದನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆಯಂಥ ಕೆಲವೇ ಕಾರಣಗಳಿಗೆ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಕಾರ್ಖಾನೆ ರೂಪವನ್ನು ನೋಡಿತು, ನಿಯಮ ದ್ರವ್ಯವನ್ನು ನೋಡಿತು, ನ್ಯಾಯಾಲಯ ಚರಿತ್ರೆಯನ್ನು ನೋಡಿತು. ಯಾವುದು ಸತ್ಯಕ್ಕೆ ಹತ್ತಿರ? ರಾಯಚೂರಿನ ಕೋಟೆಯನ್ನೇ ನೋಡಿರಿ. ಒಳಗೋಡೆ 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಿದ್ದೆಂದು ಅಲ್ಲಿನ ಹೆಬ್ಬಂಡೆಯ ಶಾಸನ ಸಾರುತ್ತದೆ. ಹೊರಗೋಡೆ ಅನಂತರದ ಸುಲ್ತಾನರದು. ಕಲ್ಲುಗಳು ಬೇರೆ, ಕೈಗಳು ಬೇರೆ. ಆದರೂ ಅದು ಒಂದೇ ಕೋಟೆ. ಏಕೆಂದರೆ ಅದಕ್ಕೆ ಒಂದೇ ಕಥೆಯಿದೆ, ಆ ಕಥೆ ಗೋಡೆಗಳ ಮೇಲೆ ಬಯಲಾಗಿಯೇ ಇದೆ. ಚರಿತ್ರೆಯು ಗುರುತನ್ನು ಕಾಯುತ್ತದೆ. ಆದರೆ ಒಂದು ನಿಬಂಧನೆ: ಆ ಚರಿತ್ರೆಯನ್ನು ಮುಚ್ಚಿಡಬಾರದು.

ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ತುಕ್ಕು ಹಿಡಿದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಕಾರು ಹೊಸದರಂತೆ ಹೊಳೆಯುತ್ತದೆ. ಬಲ್ಲವನು ಉಕ್ಕಿನ ಬಾಡಿಯ ಮೇಲೆ ಒಂದು ಆಯಸ್ಕಾಂತವನ್ನು ಆಡಿಸುತ್ತಾನೆ. ಪುಟ್ಟಿ ದಪ್ಪವಾಗಿರುವ ಕಡೆ ಅದು ಅಂಟುವುದಿಲ್ಲ. ಕೆಳಗಿನ ತುಕ್ಕು ತನ್ನ ಕೆಲಸವನ್ನು ನಿಲ್ಲಿಸಿರುವುದಿಲ್ಲ. ನಿಜವಾದ ಪುನಃಸ್ಥಾಪನೆಯಲ್ಲಿ ಹಳೆಯ ಬಣ್ಣವನ್ನು ಉಜ್ಜಿ ತೆಗೆದು, ಬರಿಯ ಲೋಹವನ್ನು ಬೆಳಕಿಗೆ ತಂದು, ಸತ್ತ ಭಾಗವನ್ನು ಕತ್ತರಿಸಿ, ಗಟ್ಟಿ ತಗಡನ್ನು ಬೆಸೆಯಬೇಕು. ಆ ಹಂತದಲ್ಲಿ ಕಾರು ಹಿಂದೆಂದಿಗಿಂತಲೂ ಕುರೂಪವಾಗಿ ಕಾಣುತ್ತದೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ಧರ್ಮಸಭೆ ನಮ್ಮಿಂದ ಬಯಸುವುದು ಇದನ್ನೇ. ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ: ಈ ಮೂರರಲ್ಲಿ ಯಾವುದೂ ಬಣ್ಣ ಬಳಿಯುವ ಕೆಲಸವಲ್ಲ. ಪುನರುತ್ಥಾನರಾದ ಪ್ರಭು ಯೇಸು ಸಂತ ತೋಮಸನಿಗೆ ತೋರಿಸಿದ್ದು ಕಲೆಯಿಲ್ಲದ ಕೈಗಳನ್ನಲ್ಲ, ಮೊಳೆಯ ಗುರುತುಗಳನ್ನು. ಮಹಿಮೆಯ ಶರೀರವೂ ತನ್ನ ಚರಿತ್ರೆಯನ್ನು ಅಳಿಸಿಕೊಳ್ಳಲಿಲ್ಲ. ಸಂತ ಪೇತ್ರನು ಇದ್ದಿಲ ಬೆಂಕಿಯ ಬಳಿ ನಿಂತು ಮೂರು ಬಾರಿ ತನ್ನ ಗುರುವನ್ನು ಅಲ್ಲಗಳೆದನು. ಸರೋವರದ ದಡದಲ್ಲಿ ಪ್ರಭು ಅವನನ್ನು ಎದುರುಗೊಂಡದ್ದೂ ಇದ್ದಿಲ ಬೆಂಕಿಯ ಬಳಿಯಲ್ಲೇ. ಕೇಳಿದ್ದೂ ಮೂರೇ ಬಾರಿ. ನಡೆದದ್ದನ್ನು ಮರೆಸಲಿಲ್ಲ, ಅದರೊಂದಿಗೇ ಅವನನ್ನು ಎತ್ತಿ ನಿಲ್ಲಿಸಿ, ಕುರಿಗಳನ್ನು ಕಾಯುವ ಕೆಲಸ ಕೊಟ್ಟರು.

ಇಲ್ಲಿಂದ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬರುತ್ತದೆ. ಕುಡಿತವನ್ನು ಬಿಟ್ಟು ಬಂದ ತಂದೆ, ಸೆರೆವಾಸ ಮುಗಿಸಿದ ತಮ್ಮ, ಬೆಂಗಳೂರಿಗೆ ಗುಳೆ ಹೋಗಿ ಅಲ್ಲಿ ದಾರಿ ತಪ್ಪಿ ಮರಳಿದ ಮಗ ಅಥವಾ ಮಗಳು: ಇಂಥವರು ಇಲ್ಲದ ಧರ್ಮಕೇಂದ್ರವಿಲ್ಲ. ನಾವು ಇವರೊಡನೆ ಎರಡು ಬಗೆಯಲ್ಲಿ ನಡೆದುಕೊಳ್ಳುತ್ತೇವೆ. ಒಂದು, ಮನೆಯ ಮರ್ಯಾದೆಗೆಂದು ನಡೆದದ್ದೇನೂ ಇಲ್ಲವೆಂಬಂತೆ ಪುಟ್ಟಿ ಮೆತ್ತುತ್ತೇವೆ. ಇನ್ನೊಂದು, ಹತ್ತು ವರ್ಷ ಕಳೆದರೂ ಅವರ ಹಳೆಯ ತುಕ್ಕನ್ನೇ ಅವರ ಹೆಸರನ್ನಾಗಿ ಮಾಡುತ್ತೇವೆ. ಮೊದಲನೆಯದರಲ್ಲಿ ಸತ್ಯವಿಲ್ಲ, ಎರಡನೆಯದರಲ್ಲಿ ಕರುಣೆಯಿಲ್ಲ. ಕೆಲವೊಮ್ಮೆ ಧ್ಯಾನಕೂಟಗಳಲ್ಲಿ ಅವರನ್ನು ಮತ್ತೆ ಮತ್ತೆ ನಿಲ್ಲಿಸಿ ಸಾಕ್ಷ್ಯ ಹೇಳಿಸುತ್ತೇವೆ. ಆದರೆ ಧರ್ಮಕೇಂದ್ರದ ಲೆಕ್ಕಪುಸ್ತಕವನ್ನಾಗಲಿ, ಒಂದು ಜವಾಬ್ದಾರಿಯನ್ನಾಗಲಿ ಅವರ ಕೈಗೆ ಕೊಡಲು ಹಿಂಜರಿಯುತ್ತೇವೆ. ಎಲ್ಲ ಹಿಂಜರಿಕೆಯೂ ತಪ್ಪಲ್ಲ. ಗಾಯಗೊಂಡ ಹೆಂಡತಿ ಮಕ್ಕಳ ರಕ್ಷಣೆ ಮೊದಲು ಬರಬೇಕು, ವಿಶ್ವಾಸ ಮರಳಿ ಬೆಳೆಯಲು ಕಾಲ ಬೇಕು. ಆದರೆ ಆ ಕಾಲವನ್ನು ನಾವು ಅವರೊಡನೆ ಕಳೆಯುತ್ತಿದ್ದೇವೆಯೋ, ಅವರಿಂದ ದೂರ ನಿಂತು ಎಣಿಸುತ್ತಿದ್ದೇವೆಯೋ ಎಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಸುಟ್ಟುಹೋದ ಒಂದು ಕಾರನ್ನು ಮತ್ತೆ ಕಟ್ಟಲು ಮನುಷ್ಯರು 10,000 ಗಂಟೆ ಕೊಡಲು ಸಿದ್ಧರಾದರು. ಆ ಕೌಶಲವನ್ನೂ ತಾಳ್ಮೆಯನ್ನೂ ಹಳಿಯಬೇಕಾಗಿಲ್ಲ. ಹಿಂದಿನವರ ಕೈಕೆಲಸವನ್ನು ಗೌರವಿಸುವುದು ಒಳ್ಳೆಯ ಗುಣವೇ. ಆದರೆ ದೇವರ ರೂಪದಲ್ಲಿ ಸೃಷ್ಟಿಯಾದ ಒಬ್ಬ ಮನುಷ್ಯ ಮರಳಿ ನಿಲ್ಲಲು ನಮ್ಮ ಕುಟುಂಬ, ನಮ್ಮ ಧರ್ಮಕೇಂದ್ರ ಎಷ್ಟು ಗಂಟೆ ಕೊಟ್ಟಿದೆ? ವಿಂಟೇಜ್ ಕಾರಿಗೆ ದಿನನಿತ್ಯದ ರಸ್ತೆ ನಿಷಿದ್ಧ. ಮರಳಿ ಬಂದ ಮನುಷ್ಯನಿಗೆ ಬೇಕಾದದ್ದೇ ದಿನನಿತ್ಯದ ರಸ್ತೆ: ಕೂಲಿಗೆ ಹೋಗುವ ದಾರಿ, ಬಲಿಪೂಜೆಗೆ ಬರುವ ದಾರಿ, ಮಕ್ಕಳನ್ನು ಶಾಲೆಗೆ ಬಿಡುವ ದಾರಿ. ಆ ದಾರಿಯಲ್ಲಿ ಅವನ ಜೊತೆ ನಡೆಯುವುದು ನಮ್ಮ ಪಾಲಿಗೆ ಬಂದಿರುವ ಕೆಲಸ.